ಪಾಲ್ಪ್ ಉಬ್ಬೇತಿ ಅಂದ್ರ ಹೊಸ ಕುಲ ಅಲ್ಲ ತಮ್ಮಾ

ತಮ್ಮಾ, ಗದಗ ಜಿಲ್ಲಾದ ಕಪ್ಪತಗುಡ್ಡದ ಬುಡದ ಹೊಲದಾಗ ಸಿಕ್ಕ ನಾಕು ಮಿಲಿಮೀಟರಿನ ಜಿಗಿಯೋ ಜೇಡದ ಫೋಟೋ ಹಾಕಿ, "ಪಾಲ್ಪ್ (ಬಾಯಿ ಮಗ್ಗಲಿನ ಸಣ್ಣ ಕಾಲಿನಂಥಾ ಅಂಗ) ಯಾವ ಕುಲಕ್ಕೂ (ಜೀನಸ್) ಹೊಂದವಲ್ದು, ಇದು ಹೊಸ ಕುಲನ" ಅಂತ ಬರದೀಯಲ್ಲ, ಆ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಪಾಲ್ಪಿನ ತುದಿ ಗಸಗಸಿ ಕಾಳಿನಂಗ ಗುಂಡಗ ಉಬ್ಬೇತಿ, ಮ್ಯಾಲೆ ಒಂದು ಗೆರಿ ಇಲ್ಲ, ಎಂಬೋಲಸ್ (ವೀರ್ಯ ದಾಟಿಸೋ ಚೂಪು ತುದಿ) ಇಲ್ಲ. ಅದು ಸಬ್‌ಅಡಲ್ಟ್, ಅಂದ್ರ ಇನ್ನೂ ಪೂರ್ತಿ ಬೆಳೀದ ಗಂಡು. ಕಡೇ ಪೊರೆ ಬಿಡೂದು ಇನ್ನೂ ಬಾಕಿ ಐತಿ.

ಇದ ತಪ್ಪು ನಾನೂ ಮಾಡೇನಿ. ಧಾರವಾಡದಾಗ ಕೆಲಗೇರಿ ಕೆರಿ ದಂಡಿ ಒಣ ಹುಲ್ಲಿನಾಗ ಇಂಥಾವು ಮೂರು ಸಿಕ್ಕಿದ್ವು. ಮೂರನ್ನೂ ಅವತ್ತ ಸ್ಪಿರಿಟ್‌ನಾಗ ಹಾಕಿದೆ. ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ (ಜಗತ್ತಿನ ಜೇಡಗಳ ಆನ್‌ಲೈನ್ ಪಟ್ಟಿ) ಎಲ್ಲಾ ತಡಕಾಡಿ, ಎಲ್ಲೂ ಹೊಂದಲಿಲ್ಲ ಅಂತ ಎಂಟು ಪುಟ ವಿವರಣಿ ಬರದೆ, ಚಿತ್ರ ತಗದೆ. ಹೊಂದೂದರ ಹ್ಯಾಂಗ? ಅಲ್ಲಿ ಹೋಲಿಸಾಕ ಇರೋ ಚಿತ್ರ ಪೂರ್ತಿ ಬೆಳದ ಗಂಡಿನ್ವು. ಮುಂದಿನ ಮಳಿಗಾಲ ಅದ ಜಾಗಾದಾಗ ಸಿಕ್ಕಿದ್ದನ್ನ ಜೀವಂತ ತಂದು ಸಾಕಿದೆ. ಹನ್ನೊಂದನೇ ದಿನ ಪೊರೆ ಬಿಟ್ಟು ಹೊರಗ ಬಂತು, ತಲಿಭಾಗದ ಮ್ಯಾಲೆ ಎರಡು ಬಿಳಿ ಪಟ್ಟಿ, ಪಾಲ್ಪಿನ ತುದಿಗೆ ಕಪ್ಪನೆ ಎಂಬೋಲಸ್. ಸ್ಟೆನೆಲುರಿಲ್ಲಸ್ ಕುಲ! ನೂರು ವರ್ಷಕ್ಕಿಂತ ಹಳೇ ಹೆಸರು. ಆ ಮೂರು ಜೇಡ ಸುಮ್ನ ಸತ್ತವಲ್ಲ ಅನ್ನೋದು ಇವತ್ತಿಗೂ ಮನಸ್ಸಿಗೆ ಹತ್ತತೈತಿ.

ಹಂಗಾಗಿ ನಿಂದು ಜೀವಂತ ಇದ್ರ ಸ್ಪಿರಿಟ್ ಮುಟ್ಟಬ್ಯಾಡ. ಪಾರದರ್ಶಕ ಸಣ್ಣ ಡಬ್ಬಿ, ಮುಚ್ಚಳಕ್ಕ ಸೂಜಿ ತೂತು, ಮಡಚಿದ ಕಾಗದದ ಚೂರು, ದಿನಾ ಒಂದು ಮೂಲಿಗೆ ಒಂದ ಹನಿ ನೀರು. ಬಾಳಿಹಣ್ಣಿನ ಸಿಪ್ಪಿ ಇಟ್ರ ಹಣ್ಣಿನ ನೊಣ ತಾವ ಬರ್ತಾವ, ಅದ ಊಟ. ಬಿಳಿ ರೇಷ್ಮಿ ಚೀಲ ಹೆಣಕೊಂಡು ಒಳಗ ಕುಂತು ಉಣ್ಣೂದು ಬಿಟ್ರ ಹೆದರಬ್ಯಾಡ, ಡಬ್ಬಿ ಅಲಗಾಡಿಸಬ್ಯಾಡ, ಒಳಗ ಉಳದ ನೊಣ ತಗದುಬಿಡು. ಹೊರಗ ಬಂದ ಮ್ಯಾಲೆ ಮೈ ಗಟ್ಟಿ ಆಗಾಕ ಮೂರ್ನಾಕು ದಿನ ಕೊಡು. ಕಳಚಿದ ಪೊರೆನೂ ಒಗಿಬ್ಯಾಡ, ಅದ ಸೀಸೆದಾಗ ಹಾಕು. ಹೆಣ್ಣಿಗೂ ಇದ ಮಾತು, ಎಪಿಜೈನ್ (ಹೊಟ್ಟಿ ಕೆಳಗಿನ ಹೆಣ್ಣಂಗದ ಗಟ್ಟಿ ಭಾಗ) ಸ್ಪಷ್ಟ ಕಾಣೂತನಕ ಬಾಯಿ ಬಿಡಬ್ಯಾಡ.

ಬೆಳದ ಮ್ಯಾಲೂ ಹೊಂದಲಿಲ್ಲ ಅಂದ್ರ ಮೊದಲ ಹೊಸ ಪ್ರಭೇದ ಏನೋ ಅಂತ ಕೇಳು, ಕುಲ ಆಮ್ಯಾಲೆ. ವಿಚಿತ್ರ ಕಂಡಿದ್ದಕ್ಕೆಲ್ಲಾ ಕುಲ ಕಟ್ಟಿದ್ರ, ಯಾವ ಕುಲದ ಒಳಗಿನ ಕವಲು ಕಿತ್ತಿಯೋ ಆ ಹಳೇ ಕುಲ ಅರ್ಧಮರ್ಧ ಉಳೀತೈತಿ. 2024ರಾಗ ಜೂಕೀಸ್ ಅನ್ನೋ ಪ್ರಾಣಿಶಾಸ್ತ್ರ ಪತ್ರಿಕೆದಾಗ ಬಂದ 'ತೆಂಕಣ' ಕುಲಾನ ನೋಡು, ನಮ್ಮ ಕನ್ನಡದ್ದ ಹೆಸರು. ಮೊದಲು ಕೊಲಾಪ್ಸಸ್ ಕುಲದಾಗ ಇದ್ದ ಎರಡು ಪ್ರಭೇದ ತಂದು, ಹೊಸದಾಗಿ ತೆಂಕಣ ಜಯಮಂಗಲಿ ಸೇರಿಸಿದ್ರು. ಮೈಕಟ್ಟು, ಡಿಎನ್‌ಎ ಎರಡೂ ನೋಡಿ ಬ್ಯಾರೆ ಕವಲು ಅಂತ ತೋರಿಸಿದ್ದು. ಅವೂ ಒಣ ನೆಲದಾಗ ಓಡಾಡೋವು. ನಿಂದು ಅದ ಇದ್ದೀತು, ಹೋಲಿಸಿ ನೋಡು.

ಡಿಎನ್‌ಎ ಮಾಡಿಸೋ ವಿಚಾರ ಇದ್ರ ಎರಡು ಕಾಲು 95% ಎಥನಾಲ್‌ನಾಗ ಬ್ಯಾರೆ ಇಡು. ಉಳದ ಮೈಗೆ 70% ಸಾಕು, ಹೆಚ್ಚಾದ್ರ ಬಿರುಸಾಗಿ ಕಾಲು ಮುರೀತಾವ. ಫಾರ್ಮಲಿನ್ ಹತ್ರನೂ ತರಬ್ಯಾಡ. ಚೀಟಿ ಸೀಸೆ ಒಳಗ ಇರಲಿ, ಪೆನ್ಸಿಲ್‌ನಾಗ ಬರಿ. ಅಪ್ಸರಾ ನಟರಾಜ ಯಾವುದಾದ್ರೂ ನಡೀತೈತಿ, ಬಾಲ್‌ಪೆನ್ ಶಾಯಿ ಸ್ಪಿರಿಟ್‌ನಾಗ ಕರಗತೈತಿ. ಊರು, ಹೊಲ, ಜಿಪಿಎಸ್, ತಾರೀಖು, ಹಿಡದವರ ಹೆಸರು, ಇಷ್ಟಿಲ್ಲದ ಜೇಡಕ್ಕ ಬೆಲಿ ಇಲ್ಲ.

ಇನ್ನೊಂದು. ಗುಡ್ಡದ ಒಳಗ ಹೋಗಿ ಹಿಡದಿದ್ರ ತಪ್ಪು, ಅದು 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಪರವಾನಗಿ ಬೇಕು. ಮತ್ತ ಹೊಸದ ಅಂತ ಖಾತ್ರಿ ಆದ್ರ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಮಾದರಿ ಗೊತ್ತುಮಾಡಿದ ಸಂಸ್ಥೆಗೆ ಕೊಡಬೇಕು, ಮನ್ಯಾಗ ಕಪಾಟಿನಾಗ ಇಟಗೊಳ್ಳೋ ಹಂಗಿಲ್ಲ.

ಫೋಟೋಕ್ಕ ಕ್ಯಾಮೆರಾ ಲೆನ್ಸಿನ ಮುಂದ ಸಿಕ್ಕಿಸೋ ರೇನಾಕ್ಸ್ 250 ಕ್ಲಿಪ್ ಲೆನ್ಸ್ ತಗೋ, ಮೊಬೈಲ್‌ಗೆ ಸಿಗೋ ನೂರು ರೂಪಾಯಿ ಲೆನ್ಸ್ ದುಡ್ಡು ದಂಡ. ಸ್ಪಿರಿಟ್‌ನ್ಯಾಗಿನ ಜೇಡ ಹೊಳ್ಳಾಡತಿದ್ರ ಬಟ್ಟಲದಾಗ ತಿಳಿ ಜೆಲ್ ಸ್ಯಾನಿಟೈಸರ್ ಹಾಕಿ ಅದರಾಗ ನಿಂದರಿಸು, ಬೇಕಾದ ಕೋನಕ್ಕ ನಿಲ್ಲತೈತಿ. ಪೊರೆ ಬಿಟ್ಟ ಮ್ಯಾಲೆ ಎಡ ಪಾಲ್ಪಿನ ಫೋಟೋ ಕೆಳಗಿಂದ ಒಂದು, ಹೊರಮಗ್ಗಲಿಂದ ಒಂದು ತಗದು ಇಲ್ಲೇ ಹಾಕು.