ರಕ್ತದ ಬಟ್ಟೆಗೆ ಕಾಗದ, ಸುಟ್ಟ ಬಟ್ಟೆಗೆ ಡಬ್ಬಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿಂದ ಬಂದಾಗ ಬೀಗ ಒಡೆದಿತ್ತು, ಬೀರು ಚೆಲ್ಲಾಪಿಲ್ಲಿಯಾಗಿತ್ತು. ಪೊಲೀಸರು ಬರುವಷ್ಟರಲ್ಲಿ ಅಕ್ಕಪಕ್ಕದವರು ಸಹಾಯಕ್ಕೆಂದು ಎಲ್ಲ ಎತ್ತಿಟ್ಟರು. ತಪ್ಪಾಯಿತೇ?
— ಓದುಗರೊಬ್ಬರು, ತಿಪಟೂರು

ತಪ್ಪಾಯಿತು. ಆದರೆ ಮುಚ್ಚಿಡಬೇಡಿ. ಯಾರು ಏನು ಮುಟ್ಟಿದರು, ಯಾವ ವಸ್ತು ಎಲ್ಲಿತ್ತು ಎಂದು ತನಿಖಾಧಿಕಾರಿಗೆ ಹೇಳಿಬಿಡಿ. ಮನೆಯವರ, ಒಳಗೆ ಬಂದವರ ಬೆರಳಚ್ಚು ತೆಗೆದುಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದನ್ನು ಬೇರೆ ಮಾಡಿದ ಮೇಲೆಯೇ ಉಳಿದದ್ದು ಕಳ್ಳನದಿರಬಹುದು ಎನ್ನಲು ಸಾಧ್ಯ.

ಬೀಗ ಒಡೆದದ್ದು ಕಂಡರೆ ಒಳಗೆ ಹೋಗದೆ ಹೊರಗೆ ನಿಂತು 112ಕ್ಕೆ ಕರೆ ಮಾಡಿ. ಆಗಲೇ ಒಳಗಿದ್ದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಎಲ್ಲರೂ ಮರೆಯುವುದು ಅಡುಗೆಮನೆಯನ್ನು: ಕಳ್ಳ ನೀರು ಕುಡಿದ ಲೋಟದ ಅಂಚಿನಲ್ಲಿ ಎಂಜಲು ಇರುತ್ತದೆ, ಮೈಮೇಲೆ ಬೆರಳಚ್ಚು ಇರುತ್ತದೆ. ಅದನ್ನು ತೊಳೆದಿಟ್ಟರೆ ಎರಡೂ ಹೋದಂತೆ. ತಿಳಿದವರು ಅಂಥ ಲೋಟದ ಅಂಚನ್ನು ಮೊದಲು ಹತ್ತಿ ಕಡ್ಡಿಯಿಂದ ಒರೆಸಿ ಡಿಎನ್‌ಎ ಮಾದರಿ ತೆಗೆಯುತ್ತಾರೆ, ಬೆರಳಚ್ಚಿನ ಪುಡಿ ಆಮೇಲೆ. ಹತ್ತು ಮನೆಗಳಲ್ಲಿ ಆಡಿಸಿದ ಬ್ರಷ್ಷು ಬೇರೆಯವರ ಡಿಎನ್‌ಎಯನ್ನೂ ತಂದು ಹಚ್ಚಬಹುದು.

ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಟ್ಟಿಯಾಗಿ ಕಟ್ಟಿದರೆ ಭದ್ರವಲ್ಲವೇ? ಕಾಗದದ ಲಕೋಟೆ ಯಾಕೆ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಎರಡು ದಿನ ಬಿಟ್ಟು ಬಿಚ್ಚಿ ನೋಡಿ. ಮುಗ್ಗಲು ವಾಸನೆ ಬರುತ್ತದೆ. ತೇವ ಹೊರಹೋಗದೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ, ರಕ್ತದಲ್ಲಿರುವ ಡಿಎನ್‌ಎಯನ್ನು ತುಂಡರಿಸುತ್ತವೆ. ಅಲ್ಲಿಗೆ ಲ್ಯಾಬಿನವರು ಏನು ಮಾಡಿದರೂ ಹೊಂದಿಸಿ ನೋಡುವಂಥ ಫಲಿತಾಂಶ ಸಿಗದೆ ಹೋಗಬಹುದು. ಮಳೆಗಾಲದ ಮಲೆನಾಡಿನಲ್ಲಂತೂ ಇದು ಬೇಗ ಆಗುತ್ತದೆ.

ಹಾಗಾಗಿ ಮೊದಲು ಒಣಗಿಸಬೇಕು. ನೆರಳಿನಲ್ಲಿ, ಕೆಳಗೆ ಶುಭ್ರ ಕಾಗದ ಹಾಸಿ, ಒಂದು ಬಟ್ಟೆಗೆ ಇನ್ನೊಂದು ತಗುಲದಂತೆ. ಬಿಸಿಲು ಡಿಎನ್‌ಎಯನ್ನು ಕೆಡಿಸುತ್ತದೆ. ನೇರ ಫ್ಯಾನ್ ಗಾಳಿ ಕೂದಲು, ನೂಲಿನ ಎಳೆಗಳನ್ನು ಹಾರಿಸುತ್ತದೆ. ಮಡಿಸುವಾಗ ಪದರಗಳ ನಡುವೆ ಕಾಗದ ಇಡಬೇಕು. ಇಲ್ಲದಿದ್ದರೆ ಎದೆಯ ಮೇಲಿನ ಕಲೆ ಬೆನ್ನಿಗೂ ಅಂಟಿ, ರಕ್ತ ಯಾವ ಕಡೆಯಿಂದ ಚಿಮ್ಮಿತು ಎಂಬ ಲೆಕ್ಕವೇ ತಪ್ಪುತ್ತದೆ. ಚಾಕು ಹೋದ ತೂತಿನ ಮೇಲೆ ಮಡಿಕೆ ಬೀಳಬಾರದು. ಒಂದು ಲಕೋಟೆಗೆ ಒಂದೇ ವಸ್ತು, ಪ್ರತಿ ವಸ್ತುವಿಗೂ ಹೊಸ ಕೈಗವಸು. ಲಕೋಟೆಯ ಗೋಂದನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದರೆ ನಿಮ್ಮ ಡಿಎನ್‌ಎಯೂ ಪುರಾವೆಯ ಜೊತೆ ಸೇರಿತು!

ನೆಲದ ಮೇಲಿನ ಒಣ ಕಲೆಯಾದರೆ ಹತ್ತಿ ಕಡ್ಡಿಗೆ ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್ ಸಾಕು. ಪಕ್ಕದ ಕಲೆಯಿಲ್ಲದ ಜಾಗದಿಂದಲೂ ಒಂದು ಮಾದರಿ ತೆಗೆಯಬೇಕು. ಹೋಲಿಸಿ ನೋಡಲು ಅದು ಬೇಕು.

ಬೆಂಕಿ ಹಚ್ಚಿದ ಪ್ರಕರಣದಲ್ಲಿ ಈ ನಿಯಮ ತಲೆಕೆಳಗು. ಸುಟ್ಟ ಬಟ್ಟೆಯಲ್ಲಿರುವ ಪೆಟ್ರೋಲ್ ಆವಿ ಕಾಗದದಿಂದಲೂ ಸಾಮಾನ್ಯ ಪಾಲಿಥೀನ್‌ನಿಂದಲೂ ಸೋರಿಹೋಗುತ್ತದೆ. ಅದಕ್ಕೆ ಗಾಳಿಯಾಡದ ತಗಡಿನ ಡಬ್ಬಿ ಅಥವಾ ಗಾಜಿನ ಜಾಡಿಯೇ ಬೇಕು, ಮೇಲೆ ಮೂರನೇ ಒಂದು ಭಾಗ ಖಾಲಿ ಬಿಟ್ಟು. ಪರೀಕ್ಷೆಗೆ ಹೀರುವುದು ಆ ಖಾಲಿ ಜಾಗದ ಆವಿಯನ್ನೇ.

ಕೆಸರಿನಲ್ಲಿ ಮೂಡಿದ ಹೆಜ್ಜೆಯ ಅಚ್ಚು ಹೇಗೆ ತೆಗೆಯುತ್ತಾರೆ?
— ತೋಟದವರು, ಮೂಡಿಗೆರೆ

ಮೊದಲು ಫೋಟೊ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕ್ಯಾಮೆರಾ ನೇರ ಮೇಲಿನಿಂದ, ಟಾರ್ಚು ನೆಲಮಟ್ಟಕ್ಕೆ ಹತ್ತಿರ ಓರೆಯಾಗಿ. ಆಗ ಅಟ್ಟೆಯ ಗೀರುಗಳ ನೆರಳು ಎದ್ದು ಕಾಣುತ್ತದೆ. ಆಮೇಲೆ ದಂತವೈದ್ಯರು ಬಳಸುವ ಡೆಂಟಲ್ ಸ್ಟೋನ್ ಪುಡಿ ಒಂದು ಕಿಲೋಗೆ ಸುಮಾರು 300ರಿಂದ 350 ಮಿ.ಲೀ. ನೀರು, ದೋಸೆ ಹಿಟ್ಟಿನ ಹದಕ್ಕೆ. ಹೆಜ್ಜೆಯ ಮೇಲೆ ನೇರವಾಗಿ ಸುರಿದರೆ ಗೀರು ಕೊಚ್ಚಿಹೋಗುತ್ತದೆ. ಅಂಚಿನ ಹೊರಗೆ ಸುರಿದು ತಾನೇ ಹರಿದು ತುಂಬುವಂತೆ ಬಿಡಬೇಕು. ಅರ್ಧ ಗಂಟೆಗೆ ಎತ್ತಬಹುದು, ಚಳಿಯಿದ್ದರೆ ಇನ್ನಷ್ಟು ಹೊತ್ತು ಬೇಕು. ಅಂಟಿದ ಮಣ್ಣನ್ನು ಆಗಲೇ ಉಜ್ಜಬಾರದು. ಒಂದೆರಡು ದಿನ ಒಣಗಲಿ.

ಪೊಲೀಸರು ಬರುವ ಮೊದಲೇ ಮಳೆ ಹನಿಯತೊಡಗಿದರೆ ನೀವು ಮಾಡಬಹುದಾದ ಒಳ್ಳೆಯ ಕೆಲಸ, ಹೆಜ್ಜೆಗೆ ತಗುಲದಂತೆ ಅಗಲವಾದ ಬಕೆಟ್ ಬೋರಲು ಹಾಕುವುದು.

ವಿಷಸೇವನೆಯ ಸಾವುಗಳಲ್ಲಿ ಅಂಗಾಂಗಗಳನ್ನು ಫಾರ್ಮಲಿನ್ ಬಿಟ್ಟು ಉಪ್ಪುನೀರಿನಲ್ಲಿ ಇಡುವುದೇಕೆ?
— ನರ್ಸಿಂಗ್ ವಿದ್ಯಾರ್ಥಿ, ರಾಯಚೂರು

ಫಾರ್ಮಲಿನ್ ಎಂಬ ರಾಸಾಯನಿಕ ದ್ರಾವಣ ಅಂಗಾಂಶವನ್ನು ಗಟ್ಟಿ ಮಾಡಿಬಿಡುತ್ತದೆ, ಅದರಿಂದ ವಿಷವನ್ನು ಬೇರ್ಪಡಿಸುವುದು ಕಷ್ಟ. ಸೂಕ್ಷ್ಮದರ್ಶಕದಲ್ಲಿ ನೋಡುವ ತುಣುಕಿಗೆ ಮಾತ್ರ ಅದು ಸರಿ. ರಾಸಾಯನಿಕ ಪರೀಕ್ಷೆಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರು. ಒಂದು ಬಾಟಲಿಯಲ್ಲಿ ಜಠರ, ಅದರಲ್ಲಿದ್ದ ಪದಾರ್ಥ, ಸುಮಾರು 30 ಸೆಂ.ಮೀ. ಸಣ್ಣ ಕರುಳು, ಇನ್ನೊಂದರಲ್ಲಿ 500 ಗ್ರಾಂನಷ್ಟು ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ. ಬಾಟಲಿಯ ಮೂರನೇ ಎರಡು ಭಾಗ ಮಾತ್ರ ತುಂಬಬೇಕು, ಕೊಳೆಯುವಾಗ ಹುಟ್ಟುವ ಅನಿಲಕ್ಕೆ ಜಾಗ ಬೇಕಲ್ಲ. ಬಳಸಿದ ಉಪ್ಪುನೀರಿನ ಮಾದರಿಯೂ ಪ್ರತ್ಯೇಕವಾಗಿ ಹೋಗಬೇಕು. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸುತ್ತಾರೆ. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಸೀಸೆಯೊಳಗೇ ಆಲ್ಕೊಹಾಲ್ ತಯಾರಿಸಿಬಿಡಬಹುದು.

ನನ್ನನ್ನು ಪಂಚನಾಗಿ (ಶೋಧ, ಜಪ್ತಿಯ ಸಾಕ್ಷಿಯಾಗಿ) ಕರೆದಿದ್ದಾರೆ. ಸಹಿ ಹಾಕುವ ಮುನ್ನ ಏನು ನೋಡಬೇಕು?
— ಅಂಗಡಿಯವರು, ಚಿತ್ರದುರ್ಗ

ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ, ಸಿಕ್ಕಿದ್ದರ ದಾಖಲೆ, ಬರೆದದ್ದನ್ನು ಪೂರ್ತಿ ಓದಿ, ಬರದಿದ್ದರೆ ಓದಿಸಿ ಕೇಳಿ. ಶುರುವಾದ, ಮುಗಿದ ಸಮಯ, ಪ್ರತಿ ವಸ್ತು ಸಿಕ್ಕ ಜಾಗ, ಅದರ ಗುರುತು ಇವೆಯೇ ನೋಡಿ. ನೀವು ಕಾಣದ್ದನ್ನು ಕಂಡೆ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಮುಂದೆ ಸಾಕ್ಷಿಕಟ್ಟೆಯಲ್ಲಿ ಪಾಟಿ ಸವಾಲು ಎದುರಿಸುವವರು ನೀವು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧ, ಜಪ್ತಿಯನ್ನು ಪಟ್ಟಿ ಬರೆದು ಸಹಿ ಮಾಡುವುದೂ ಸೇರಿದಂತೆ ವಿಡಿಯೊ ಮಾಡಬೇಕು. ಮೊಬೈಲ್‌ನಲ್ಲೇ ಆದರೂ ಆದೀತು.

ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ಜಪ್ತಿಯಾಗುತ್ತಿದ್ದರೆ ಅದರ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಎಂದು ಬರೆಸಿ. ಕೊನೆಗೆ ಅರಗು ಒತ್ತಿದ ಮೇಲೆ ಪೊಟ್ಟಣದ ಸೀಲಿನ ಅಕ್ಷರವೂ ಮಹಜರಿಗೆ ಒತ್ತಿದ ಮಾದರಿ ಸೀಲೂ ಒಂದೇ ಇವೆಯೇ ಎಂದು ನೋಡಿ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ (ಎಫ್‌ಎಸ್‌ಎಲ್) ಪೊಟ್ಟಣ ಬಿಚ್ಚುವ ಮೊದಲು ಹೋಲಿಸುವುದೂ ಅದನ್ನೇ.