ಹಡಗಿನ ಹೊಗೆಯಲ್ಲಿ ಮಸಿ ಎಷ್ಟು? ಅಳೆಯುವುದು ಹೇಗೆ?

ಪ್ರಶ್ನೆ: ಜೀಪಿನ ಹೊಗೆ ತಪಾಸಣೆಗೆ ಗೋಣಿಕೊಪ್ಪಕ್ಕೆ ಹೋದರೆ ಸೈಲೆನ್ಸರ್‌ಗೆ ಕೊಳವೆ ತೂರಿಸಿ, ಆಕ್ಸಿಲರೇಟರ್ ತುಳಿಸಿ, ಚೀಟಿ ಕೊಡುತ್ತಾರೆ. ನಮ್ಮ ಕಾಫಿ ಮಂಗಳೂರಿನಿಂದ ಹೊರದೇಶಕ್ಕೆ ಹೋಗುವುದು ಹಡಗಿನಲ್ಲಿ. ಅದರ ಹೊಗೆಯಲ್ಲಿರುವ ಬ್ಲ್ಯಾಕ್ ಕಾರ್ಬನ್ (ಮಸಿ) ಅಳೆಯುವುದೂ ಹೀಗೇನಾ? ಅದಕ್ಕೂ ಮಿತಿ ಇದೆಯಾ?
– ಕಾಫಿ ಬೆಳೆಗಾರರು, ಪೊನ್ನಂಪೇಟೆ

ಉತ್ತರ: ಹೀಗೆಯೇ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಜೀಪಿಗೆ ಹಾಕುವ ಯಂತ್ರ ನೋಡುವುದು ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಅಂತ ಮಾತ್ರ. ಮಸಿಯೂ ಬೆಳಕು ತಡೆಯುತ್ತದೆ, ಅರೆಬರೆ ಉರಿದ ಎಣ್ಣೆಯ ಬಿಳಿ ಹೊಗೆಯೂ ತಡೆಯುತ್ತದೆ, ನೀರಿನ ಹನಿಯೂ ತಡೆಯುತ್ತದೆ. ಮಡಿಕೇರಿ ಮಂಜಿನಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹಾಗಾದರೆ ಕಣಗಳನ್ನು ಹಿಡಿದು ತೂಗಿದರೆ? ಅದೂ ಆಗದು. ಹಡಗಿನ ಭಾರಿ ಎಣ್ಣೆಯಲ್ಲಿ (ಹೆವಿ ಫ್ಯುಯೆಲ್ ಆಯಿಲ್ ಎಂಬ ದಪ್ಪ ಇಂಧನ) ಗಂಧಕವಿದೆ, ಬೂದಿಯಾಗುವ ಲೋಹಗಳಿವೆ. ತಕ್ಕಡಿಗೆ ಮಸಿ ಯಾವುದು, ಗಂಧಕದ ಆಮ್ಲ ಯಾವುದು ಎಂದು ಗೊತ್ತಾಗುವುದಿಲ್ಲ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ (ಐಎಂಒ) ಚರ್ಚೆಗಳಲ್ಲಿ ಮೂರು ವಿಧಾನಗಳು ಸೂಕ್ತ ಅನ್ನಿಸಿಕೊಂಡಿವೆ. ಮೊದಲನೆಯದು ಫಿಲ್ಟರ್ ಸ್ಮೋಕ್ ನಂಬರ್. ಗೊತ್ತಾದ ಅಳತೆಯ ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆಯುತ್ತಾರೆ. ಕಾಗದದ ಮೇಲೆ ದುಂಡನೆಯ ಬೂದು ಕಲೆ ಬೀಳುತ್ತದೆ. ಅದರ ಮೇಲೆ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ನೋಡುತ್ತಾರೆ. ಅಚ್ಚ ಬಿಳಿಗೆ 0, ಕಡುಗಪ್ಪಿಗೆ 10. ಎರಡನೆಯದು ನನಗೆ ತುಂಬಾ ಇಷ್ಟ: ಮಸಿಯ ಸದ್ದು ಕೇಳುವುದು! ಲೇಸರ್ ಬೆಳಕನ್ನು ಮಿನುಗಿಸುತ್ತಾ ಹೊಗೆಗೆ ಬಿಡುತ್ತಾರೆ. ಬೆಳಕು ಹೀರಿದ ಮಸಿ ಬಿಸಿಯಾಗಿ ಸುತ್ತಲಿನ ಗಾಳಿಯನ್ನು ಹಿಗ್ಗಿಸುತ್ತದೆ, ಆ ಒತ್ತಡದ ಅಲೆಯನ್ನು ಮೈಕ್ರೊಫೋನ್ ಹಿಡಿಯುತ್ತದೆ. ಗಂಧಕದ ಹನಿ ಬೆಳಕನ್ನು ಚದುರಿಸುತ್ತದೆಯೇ ಹೊರತು ಹೀರುವುದಿಲ್ಲ, ಹಾಗಾಗಿ ಅದು ಸುಮ್ನೆ ಇರುತ್ತದೆ. ಮೂರನೆಯದರಲ್ಲಿ ಲೇಸರ್‌ನಿಂದ ಕಣವನ್ನು ಕಾಯಿಸಿ, ಅದು ಹೊಳೆಯುವ ಬೆಳಕನ್ನು ಅಳೆಯುತ್ತಾರೆ.

ಯಂತ್ರ ಒಳ್ಳೆಯದಿದ್ದರೆ ಸಾಲದು. ಚಿಮಣಿಯಿಂದ ಯಂತ್ರಕ್ಕೆ ಬರುವ ಕೊಳವೆ ತಣ್ಣಗಿದ್ದರೆ ಮಸಿ ಅದರ ಗೋಡೆಗೇ ಅಂಟುತ್ತದೆ, ಆಮ್ಲವೂ ಹನಿಗಟ್ಟುತ್ತದೆ. ಅದಕ್ಕೇ ಕೊಳವೆಯನ್ನು ಬಿಸಿಯಾಗಿಡುತ್ತಾರೆ. ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಅಳೆಯುತ್ತಾರೆ. 1 ಕೆಜಿ ಭಾರಿ ಎಣ್ಣೆ ಉರಿದರೆ ಸುಮಾರು 3.1 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಎರಡನ್ನೂ ಹೋಲಿಸಿದರೆ ಕೆಜಿ ಎಣ್ಣೆಗೆ ಎಷ್ಟು ಗ್ರಾಂ ಮಸಿ ಅಂತ ಸಿಗುತ್ತದೆ, ಚಿಮಣಿಯ ಪೂರ್ತಿ ಹೊಗೆ ಅಳೆಯುವ ಗೋಜಿಲ್ಲ. ದೂರದಿಂದ ಹೊಗೆ ಹಿಂಬಾಲಿಸಿ ಅಳೆಯುವವರೂ ಇದೇ ಲೆಕ್ಕ ಹಾಕುವುದು.

ಎಂಜಿನ್ ಮೇಲೆ ಎಷ್ಟು ಹೊರೆ ಇತ್ತು ಅನ್ನೋದನ್ನು ಕೇಳದೆ ಯಾವ ಅಂಕಿಯನ್ನೂ ನಂಬಬೇಡಿ. ಪೂರ್ಣ ವೇಗದಲ್ಲಿ ಓಡುವ ಹಡಗಿಗಿಂತ, ಬಂದರಿನ ಹತ್ತಿರ ನಿಧಾನವಾಗಿ ಬರುವ ಹಡಗು ಕೆಜಿ ಎಣ್ಣೆಗೆ ಸಾಮಾನ್ಯವಾಗಿ ಜಾಸ್ತಿ ಮಸಿ ಉಗುಳುತ್ತದೆ. ಸಿಲಿಂಡರಿನ ಒಳಗೆ ಎಣ್ಣೆ, ಗಾಳಿ ಸರಿಯಾಗಿ ಬೆರೆಯುವುದಿಲ್ಲ.

ಇನ್ನು ಮಿತಿಯ ವಿಷಯ. ಹಡಗಿನ ಎಂಜಿನ್ನು ಇಷ್ಟೇ ಮಸಿ ಬಿಡಬೇಕು ಎಂಬ ಜಾಗತಿಕ ಕಟ್ಟುಪಾಡನ್ನು ಐಎಂಒ ಇನ್ನೂ ತಂದಿಲ್ಲ. 2020ರಿಂದ ಇಂಧನದ ಗಂಧಕಕ್ಕೆ ಶೇ 0.5ರ ಮಿತಿಯಿದೆ, ಆದರೆ ಗಂಧಕ ಇಳಿದರೆ ಮಸಿಯೂ ಇಳಿಯಲೇಬೇಕೆಂದಿಲ್ಲ. ಮಸಿ ಬಿದ್ದ ಹಿಮ ಬೇಗ ಕರಗುತ್ತದೆ. ಆರ್ಕ್‌ಟಿಕ್ ಸಾಗರದಲ್ಲಿ 2024ರ ಜುಲೈ 1ರಿಂದ ಭಾರಿ ಎಣ್ಣೆಗೆ ನಿಷೇಧ ಬಂದಿದೆ. ಅದರಲ್ಲೂ ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ಕೊಟ್ಟಿದ್ದಾರೆ.