ಓದುಗರ ಪ್ರಶ್ನೆ: ತಂತಿ ಬೇಡ, ಕಾಗದವೇ ಇರಲಿ

ಪ್ರಶ್ನೆ: ವಿಕ್ಟೋರಿಯಾ ರಾಣಿ ಕಾಲದ ಪ್ರೇಮ-ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ವರ್ಷ 1863. ನಾಯಕಿ ಲಂಡನ್ನಿನಲ್ಲಿ, ಅವಳ ಕ್ಯಾಪ್ಟನ್ ಬಾಂಬೆಯಲ್ಲಿ. ಅವನ ಪ್ರಾಣಕ್ಕೆ ಅಪಾಯವಿದೆ ಅಂತ ಅವಳು ತಂತಿ ಕಳಿಸುತ್ತಾಳೆ, ಆಮೇಲೆ ಸುಯೆಜ್ ಕಾಲುವೆ ದಾಟಿ ಹೊರಡುತ್ತಾಳೆ. ಸರಿಯಾ?
- ಓದುಗಿ, ಧಾರವಾಡ

ಉತ್ತರ: ಎರಡೂ ಆಗೋದಿಲ್ಲ ಕಣಮ್ಮ! ಕೆಂಪು ಸಮುದ್ರದಲ್ಲಿ ಹಾಕಿದ್ದ ತಂತಿ ಆಗಲೇ ಕೆಟ್ಟು ಕೂತಿತ್ತು. ಪರ್ಷಿಯನ್ ಕೊಲ್ಲಿಯ ಮೂಲಕ ಭಾರತಕ್ಕೆ ತಂತಿಯ ದಾರಿ ಶುರುವಾಗಿದ್ದು 1865ರಲ್ಲಿ. ಆದರೆ ಇದು ನಿಮಗೆ ಲಾಭವೇ. ಕಾಗದ ಹಡಗಿನಲ್ಲಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ರೈಲಿನಲ್ಲಿ ಸುಯೆಜ್‌ಗೆ, ಮತ್ತೆ ಹಡಗು. ಹತ್ತಿರಹತ್ತಿರ ಒಂದು ತಿಂಗಳು. ಉತ್ತರಕ್ಕೆ ಇನ್ನೊಂದು. ಅಷ್ಟರಲ್ಲಿ ಅವನು ಬದುಕಿದ್ದಾನೋ ಇಲ್ಲವೋ? ಓದುಗರು ನಿದ್ದೆಗೆಡಲಿ ಬಿಡಿ.

ಕಾಗದವನ್ನು ಹತ್ತಿರದಿಂದ ತೋರಿಸಿ. ತೂಕ ಜಾಸ್ತಿಯಾದರೆ ಅಂಚೆ ಖರ್ಚೂ ಜಾಸ್ತಿ. ಅದಕ್ಕೇ ತೆಳು ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ, ಬರೆದ ಸಾಲುಗಳ ಮೇಲೇ ಅಡ್ಡಡ್ಡ ಬರೆಯುವವರಿದ್ದರು. ಕೊಲೆಗಾರನ ಹೆಸರು ಆ ಗೋಜಲಿನಲ್ಲಿ ಅಡಗಿರಲಿ, ಚೆನ್ನಾಗಿರುತ್ತೆ ಅಲ್ವಾ?

ಕಾಲುವೆ ತೆರೆದದ್ದು 1869ರ ನವೆಂಬರ್‌ನಲ್ಲಿ. ಸುಮ್ನೆ ಅವಳನ್ನೂ ಅಂಚೆ ಚೀಲದ ಜೊತೆ ಈಜಿಪ್ಟ್ ರೈಲು ಹತ್ತಿಸಿ. ಖಳನಾಯಕ ಅದೇ ಬೋಗಿಯಲ್ಲಿ ಕೂತಿರಬಹುದು.